ಬೀಡಿ ಬಿಡಬೇಕು, ಗುಳಿಗೆ ಬಿಡಬಾರದು

ಎಚ್‌ಐವಿಗೆ ಎಆರ್‌ಟಿ (ವೈರಸ್ಸನ್ನು ಹತ್ತಿಕ್ಕುವ) ಗುಳಿಗೆ ನುಂಗುತ್ತಿರುವವರು ಬೀಡಿ, ಸಿಗರೇಟು ಬಿಡುವ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ. ಬರೆದವರ ಹೆಸರು ಹಾಕಿಲ್ಲ.

ಪ್ರಶ್ನೆ: ನಮ್ಮಣ್ಣ ಆರು ವರ್ಷದಿಂದ ಎಆರ್‌ಟಿ ಗುಳಿಗಿ ತಗೋತಾನ್ರಿ. ವೈರಲ್ ಲೋಡ್ (ರಕ್ತದಾಗಿನ ವೈರಸ್ ಲೆಕ್ಕ) ಕಾಣಂಗಿಲ್ಲ ಅಂತ ರಿಪೋರ್ಟ್ ಬಂದೈತಿ. ಆದ್ರ ದಿನಕ್ಕ ಒಂದು ಕಟ್ಟು ಬೀಡಿ ಬೇಕು. ‘ದೊಡ್ಡ ರೋಗನ ಹತೋಟಿಗೆ ಬಂದೈತಿ, ಬೀಡಿ ಏನ್ ಮಾಡ್ತೈತಿ’ ಅಂತಾನ. ಬೀಡಿ ಹೆಚ್ಚಾದ ದಿನ ಉಷ್ಣ ಆಕ್ಕೈತಿ ಅಂತ ಗುಳಿಗಿನೂ ತಪ್ಪಿಸ್ತಾನ. ಏನ್ ಮಾಡೂದ್ರಿ?
— ತಂಗಿ, ಹಾವೇರಿ ಜಿಲ್ಲೆ

ಉತ್ತರ: ಮೊದಲು ಗುಳಿಗೆಯ ಮಾತು. ಹತ್ತು ಬೀಡಿ ಸೇದಿದ ದಿನವೂ ಗುಳಿಗೆ ನುಂಗಲೇಬೇಕು. ಹೊಗೆಯೂ ಗುಳಿಗೆಯೂ ಕೂಡಿ ವಿಷವಾಗುವುದಿಲ್ಲ. ತಪ್ಪಿಸಿದ ದಿನಗಳು ಹೆಚ್ಚಾದರೆ ಮಾತ್ರ ವೈರಸ್ ಮತ್ತೆ ತಲೆ ಎತ್ತುತ್ತದೆ, ಆಮೇಲೆ ಅದೇ ಗುಳಿಗೆಗೆ ಬಗ್ಗದೆಯೂ ಹೋಗಬಹುದು.

‘ಬೀಡಿ ಏನ್ ಮಾಡ್ತೈತಿ’ ಎಂಬ ಅವರ ಪ್ರಶ್ನೆಗೆ ಲೆಕ್ಕವೇ ಇದೆ. ಡೆನ್ಮಾರ್ಕ್‌ನಲ್ಲಿ ಎಚ್‌ಐವಿ ಚಿಕಿತ್ಸೆಯಲ್ಲಿರುವವರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 35 ವಯಸ್ಸಿನವರ ಆಯುಷ್ಯದಲ್ಲಿ ಎಚ್‌ಐವಿ ಕಸಿದುಕೊಳ್ಳುವುದು ಸುಮಾರು 5 ವರ್ಷ, ಧೂಮಪಾನ ಕಸಿದುಕೊಳ್ಳುವುದು ಸುಮಾರು 12 ವರ್ಷ. ವೈರಲ್ ಲೋಡ್ ಕಾಣದಷ್ಟು ಇಳಿದರೂ ರಕ್ತನಾಳಗಳಲ್ಲಿ ಸಣ್ಣ ಉರಿಯೂತ ಉಳಿದಿರುತ್ತದೆ, ಹೊಗೆ ಅದನ್ನೇ ಕೆದಕುತ್ತದೆ. ನಮ್ಮ ಕಡೆ ಇನ್ನೂ ಹತ್ತಿರದ ಭಯ ಕ್ಷಯದ್ದು. ಎಚ್‌ಐವಿ ಇದ್ದವರಿಗೆ ಅದು ಬೇಗ ತಗಲುತ್ತದೆ, ಸೇದುವವರಿಗೂ ಬೇಗ ತಗಲುತ್ತದೆ, ನಿಮ್ಮಣ್ಣನಲ್ಲಿ ಎರಡೂ ಇವೆ. ಬೀಡಿ ಸಣ್ಣದು ಎಂಬ ಸಮಾಧಾನವೂ ಬೇಡ. ಅದರ ಎಲೆ ತಾನಾಗಿ ಉರಿಯುವುದಿಲ್ಲ. ಆರದಂತೆ ಮೇಲಿಂದ ಮೇಲೆ ಜೋರಾಗಿ ಎಳೆಯಬೇಕಾಗುತ್ತದೆ.

ನೀವು ಮಾಡಬಹುದಾದದ್ದು: ಬೈಯದೆ, ಮೂರು ದಿನ ಅವರು ಯಾವ ಬೀಡಿ ಎಷ್ಟು ಗಂಟೆಗೆ, ಯಾವುದರ ಬೆನ್ನಿಗೆ ಹಚ್ಚಿದರು ಎಂದು ಅವರಿಂದಲೇ ಬರೆಸಿರಿ. ಎದ್ದ ಎಷ್ಟು ನಿಮಿಷಕ್ಕೆ ಮೊದಲ ಬೀಡಿ ಎಂಬುದನ್ನು ಮರೆಯದೆ ಬರೆಸಿರಿ, ಬೀಡಿ ಬಿಡಿಸುವ ನಿಕೋಟಿನ್ ಗಮ್ಮಿನ (ಮುಂದಿನ ಉತ್ತರ ನೋಡಿ) ಅಳತೆ ನಿಂತಿರುವುದೇ ಅದರ ಮೇಲೆ. ಬಿಡುವ ದಿನವನ್ನು ಎರಡು ವಾರದೊಳಗೆ ಗೊತ್ತು ಮಾಡಿ. ಎಆರ್‌ಟಿ ಕೇಂದ್ರಕ್ಕೆ ಹೋಗುವ ತಾರೀಖಿನ ಮರುದಿನವಾದರೆ ಒಳ್ಳೆಯದು, ಕೌನ್ಸೆಲರ್ ಹತ್ತಿರ ಹಿಂದಿನ ದಿನವೇ ಮಾತಾಡಿದಂತಾಗುತ್ತದೆ. ಬಿಡುವ ದಿನದ ಹಿಂದಿನ ರಾತ್ರಿ ಬೀಡಿ, ಕಡ್ಡಿಪೆಟ್ಟಿಗೆ ಎಲ್ಲ ಮನೆಯಿಂದ ಹೊರಗೆ ಹೋಗಲಿ.

ಪ್ರಶ್ನೆ: ಟಿಎಲ್‌ಡಿ (ಮೂರು ಎಚ್‌ಐವಿ ಔಷಧಿ ಒಂದರಲ್ಲೇ ಇರುವ) ಗುಳಿಗೆ ನಡೆದಿದೆ. ಸಿಗರೇಟ್ ಬಿಡಲು ನಿಕೋಟಿನ್ ಗಮ್ ತಂದೆ, ದಿನಕ್ಕೆ ಎರಡು ಜಗಿದೆ. ಗಂಟಲು ಉರಿ, ಬಿಕ್ಕಳಿಕೆ, ಹೊಟ್ಟೆಯಲ್ಲಿ ಆಸಿಡಿಟಿ. ಆಂಟಾಸಿಡ್ ಕುಡಿದು ತಡೆದುಕೊಂಡೆ, ಆದರೂ ನಾಲ್ಕನೇ ದಿನ ಮತ್ತೆ ಹಚ್ಚಿದೆ. ನನಗೆ ಗಮ್ ಆಗಿಬರುವುದಿಲ್ಲವೇ?
— ಹುಬ್ಬಳ್ಳಿ

ಉತ್ತರ: ಆಗಿಬರುತ್ತದೆ. ತಪ್ಪಿದ್ದು ಮೂರು ಕಡೆ, ಅದರಲ್ಲಿ ಒಂದು ನಿಮ್ಮ ಎಆರ್‌ಟಿಗೇ ಧಕ್ಕೆ ತರುವಂಥದ್ದು. ಅದನ್ನು ಮೊದಲು ಹೇಳುತ್ತೇವೆ.

ಆಂಟಾಸಿಡ್‌ನಲ್ಲಿ ಅಲ್ಯುಮಿನಿಯಂ, ಮೆಗ್ನೀಷಿಯಂ ಇರುತ್ತವೆ. ಟಿಎಲ್‌ಡಿಯಲ್ಲಿರುವ ಡೊಲುಟೆಗ್ರಾವಿರ್ ಹೊಟ್ಟೆಯಲ್ಲೇ ಅವುಗಳಿಗೆ ಅಂಟಿಕೊಂಡು ರಕ್ತಕ್ಕೆ ಸೇರದೆ ಹೋಗುತ್ತದೆ. ಆಂಟಾಸಿಡ್ ಬೇಕೇ ಬೇಕೆಂದರೆ ಟಿಎಲ್‌ಡಿ ನುಂಗಿ 2 ತಾಸು ಕಳೆದ ಮೇಲೆ ಕುಡಿಯಿರಿ. ಆಂಟಾಸಿಡ್ ಮೊದಲೇ ಕುಡಿದಿದ್ದರೆ 6 ತಾಸು ಬಿಟ್ಟು ಟಿಎಲ್‌ಡಿ ನುಂಗಿರಿ. ಪ್ಯಾಂಟೊಪ್ರಜೋಲ್‌ನಂಥ ಆಸಿಡಿಟಿ ಗುಳಿಗೆಯಿಂದ ಡೊಲುಟೆಗ್ರಾವಿರ್‌ಗೆ ಈ ತೊಂದರೆ ಇಲ್ಲ. ಆದರೆ ಅಟಜನಾವಿರ್ ಎಂಬ ಇನ್ನೊಂದು ಎಚ್‌ಐವಿ ಔಷಧಿ ತೆಗೆದುಕೊಳ್ಳುವವರಿಗೆ ಅದೂ ಕೂಡದು, ಅವರು ಕೇಂದ್ರದ ವೈದ್ಯರನ್ನು ಕೇಳದೆ ಆಸಿಡಿಟಿಯ ಯಾವ ಔಷಧಿಯನ್ನೂ ಮುಟ್ಟಬಾರದು.

ಎರಡನೆಯದು ಜಗಿಯುವ ರೀತಿ. ಇದನ್ನು ಬಬಲ್ ಗಮ್ಮಿನ ಹಾಗೆ ಜಗಿದರೆ ನಿಕೋಟಿನ್ ಎಲ್ಲ ಜೊಲ್ಲಿನೊಂದಿಗೆ ಹೊಟ್ಟೆಗಿಳಿಯುತ್ತದೆ. ಬಿಕ್ಕಳಿಕೆ, ಉರಿ ಬಂದದ್ದು ಅದರಿಂದಲೇ. ನಿಕೋಟಿನ್ ಹೋಗಬೇಕಾದದ್ದು ಬಾಯಿಯ ಒಳಚರ್ಮದಿಂದ. ನಿಧಾನ ಜಗಿಯಿರಿ. ಮೆಣಸಿನಂಥ ಖಾರ ಅಥವಾ ಜುಮ್ಮೆನ್ನುವುದು ಬಂದ ಕೂಡಲೇ ನಿಲ್ಲಿಸಿ, ಗಮ್ಮನ್ನು ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿಡಿ. ಖಾರ ಇಳಿದ ಮೇಲೆ ಮತ್ತೆ ನಾಲ್ಕೈದು ಸಲ ಜಗಿದು ಇನ್ನೊಂದು ಕೆನ್ನೆಯಲ್ಲಿಡಿ. ಹೀಗೆ ಅರ್ಧ ತಾಸು. ಎಲೆ-ಅಡಿಕೆ, ತಂಬಾಕು ದವಡೆಯಲ್ಲಿಟ್ಟು ರೂಢಿಯಿದ್ದವರಿಗೆ ಇದು ಬೇಗ ಕೈವಶವಾಗುತ್ತದೆ. ಗಮ್ ಹಾಕುವ 15 ನಿಮಿಷ ಮೊದಲಿಂದ ಅದು ಬಾಯಲ್ಲಿರುವವರೆಗೆ ನೀರು ಬಿಟ್ಟು ಬೇರೇನೂ ಬೇಡ. ಕಾಫಿ, ಜ್ಯೂಸ್, ಸೋಡಾದ ಹುಳಿಯಲ್ಲಿ ನಿಕೋಟಿನ್ ಒಳಗೆ ಹೋಗುವುದಿಲ್ಲ.

ಮೂರನೆಯದು ಎಣಿಕೆ. ದಿನಕ್ಕೆ ಎರಡು ಏನಕ್ಕೂ ಸಾಲದು. ಮೊದಲ 6 ವಾರ ಒಂದೆರಡು ತಾಸಿಗೊಂದು, ದಿನಕ್ಕೆ ಕಡಿಮೆಯೆಂದರೆ 9. ಮುಂದಿನ 3 ವಾರ ಎರಡರಿಂದ ನಾಲ್ಕು ತಾಸಿಗೊಂದು, ಕೊನೆಯ 3 ವಾರ ನಾಲ್ಕರಿಂದ ಎಂಟು ತಾಸಿಗೊಂದು. 24 ದಾಟಬಾರದು. ಎದ್ದು 30 ನಿಮಿಷದೊಳಗೆ ಸೇದುವವರಿಗೆ 4 ಮಿಲಿಗ್ರಾಂ, ತಡವಾಗಿ ಸೇದುವವರಿಗೆ 2 ಮಿಲಿಗ್ರಾಂ. 2ರದ್ದು ಚೀಟಿ ಇಲ್ಲದೆ ಸಿಗುತ್ತದೆ, 4ಕ್ಕೆ ವೈದ್ಯರ ಚೀಟಿ ಬೇಕು.

ಬಾಯಿ ಹುಣ್ಣು ಇದ್ದವರಿಗೆ, ಹಲ್ಲು ಬಿದ್ದವರಿಗೆ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಮೇಲು. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸಿಗರೇಟ್ ಸೇದುವವರು 21 ಮಿಲಿಗ್ರಾಂನಿಂದ ಶುರು ಮಾಡಿ, 6 ವಾರದ ನಂತರ 14ಕ್ಕೆ, ಅಲ್ಲಿಂದ 2 ವಾರಕ್ಕೆ 7ಕ್ಕೆ ಇಳಿಯಬೇಕು. ನಮ್ಮ ಬೇಸಿಗೆಯ ಬೆವರಿಗೆ ಅದು ಕಿತ್ತು ಬರುತ್ತದೆ. ಒರೆಸಿ ಒಣಗಿಸಿದ, ಕೂದಲಿಲ್ಲದ ಜಾಗಕ್ಕೆ ಹಚ್ಚಿ 10 ಸೆಕೆಂಡ್ ಅಂಗೈಯಿಂದ ಒತ್ತಿ, ದಿನಾ ಜಾಗ ಬದಲಿಸಿ. ಪ್ಯಾಚ್ ಜೊತೆ ಗಮ್ ಎರಡೂ ಸೇರಿದರೆ ಒಂದಕ್ಕಿಂತ ಹೆಚ್ಚು ಫಲ. ಇವೆರಡೂ ಎಆರ್‌ಟಿಗೆ ಅಡ್ಡ ಬರುವುದಿಲ್ಲ. ನಡುವೆ ಒಂದು ಸಿಗರೇಟ್ ಸೇದಿಬಿಟ್ಟರೆ ಗಮ್ ಬಿಸಾಡಬೇಡಿ, ಮರುತಾಸಿಗೇ ಮುಂದುವರಿಸಿ.

ಚಹಾವನ್ನೂ ಅರ್ಧಕ್ಕಿಳಿಸಿ. ಹೊಗೆಯಲ್ಲಿನ ರಾಸಾಯನಿಕಗಳು ಯಕೃತ್ತನ್ನು ಚುರುಕಾಗಿಸಿ ಕೆಫೀನನ್ನು ಬೇಗ ಕರಗಿಸುತ್ತಿರುತ್ತವೆ. ಸೇದುವುದು ನಿಂತರೆ ಅಷ್ಟೇ ಚಹಾ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಕೈನಡುಕ, ನಿದ್ದೆಗೇಡು ಬರುತ್ತವೆ, ಜನ ಅದನ್ನು ಸಿಗರೇಟಿನ ಹಂಬಲ ಎಂದು ತಿಳಿದು ಮತ್ತೆ ಹಚ್ಚುತ್ತಾರೆ.

ಪ್ರಶ್ನೆ: ಗಮ್ ಬೇಡ, ಗುಳಿಗೆ ಕೊಡಿ ಎಂದರೆ ಎಆರ್‌ಟಿ ಜೊತೆ ನಡೆಯುತ್ತದೆಯೇ?
— ಗದಗ

ಉತ್ತರ: ಎರಡಿವೆ, ಎರಡಕ್ಕೂ ವೈದ್ಯರ ಚೀಟಿ ಬೇಕು. ವರೆನಿಕ್ಲಿನ್: ಮೊದಲ 3 ದಿನ 0.5 ಮಿಲಿಗ್ರಾಂ ಒಂದು ಹೊತ್ತು, 4ರಿಂದ 7ನೇ ದಿನ ಅಷ್ಟೇ ಎರಡು ಹೊತ್ತು, 8ನೇ ದಿನದಿಂದ 1 ಮಿಲಿಗ್ರಾಂ ಎರಡು ಹೊತ್ತು, ಒಟ್ಟು 12 ವಾರ. 8ನೇ ದಿನ ಸೇದುವುದು ನಿಲ್ಲಬೇಕು. ಓಕರಿಕೆ ಸಾಮಾನ್ಯ, ಊಟವಾದ ಮೇಲೆ ತುಂಬು ಲೋಟ ನೀರಿನೊಂದಿಗೆ ನುಂಗಿದರೆ ತಗ್ಗುತ್ತದೆ. ಇದು ಮೂತ್ರಪಿಂಡದ ಮೂಲಕ ಹೊರಬೀಳುವ ಔಷಧಿ. ಟಿಎಲ್‌ಡಿಯ ಟೆನೊಫೊವಿರ್ ಮೂತ್ರಪಿಂಡಕ್ಕೆ ತುಸು ಭಾರವಾಗಬಲ್ಲದು, ಆದ್ದರಿಂದ ಇತ್ತೀಚಿನ ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ) ವರದಿಯನ್ನು ವೈದ್ಯರಿಗೆ ತೋರಿಸಿ.

ಎರಡನೆಯದು ಬುಪ್ರೊಪಿಯಾನ್: ಮೂರ್ಛೆರೋಗ ಇದ್ದವರಿಗೆ ಕೂಡದು, ದಿನಾ ಕುಡಿಯುತ್ತಿದ್ದು ಒಮ್ಮೆಲೇ ನಿಲ್ಲಿಸುತ್ತಿರುವವರಿಗೂ ಕೂಡದು. ಎಚ್‌ಐವಿಗೆ ಎಫಾವಿರೆಂಜ್ ಅಥವಾ ಲೊಪಿನಾವಿರ್-ರಿಟೊನಾವಿರ್ ನಡೆದಿದ್ದರೆ ರಕ್ತದಲ್ಲಿ ಬುಪ್ರೊಪಿಯಾನ್ ಪ್ರಮಾಣವೇ ಇಳಿದುಹೋಗುತ್ತದೆ.

ಪ್ರಶ್ನೆ: ಸಹಾಯವಾಣಿಗೆ ಫೋನ್ ಮಾಡಿದರೆ ನನ್ನ ರೋಗದ ವಿಷಯ ಹೇಳಲೇಬೇಕೇ?
— ಧಾರವಾಡ

ಉತ್ತರ: ಬೇಡ. ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ 1800-11-2356 ಉಚಿತ, ಕನ್ನಡದಲ್ಲಿ ಮಾತಾಡಬಹುದು, ಚಟದ ಬಗ್ಗೆ ಹೇಳಿದರೆ ಸಾಕು. ಒಪ್ಪಿಗೆ ಇಲ್ಲದೆ ಯಾರೂ ನಿಮ್ಮ ಎಚ್‌ಐವಿ ಸ್ಥಿತಿಯನ್ನು ಬಯಲು ಮಾಡಬಾರದೆಂದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ-ಏಡ್ಸ್ ಕಾಯ್ದೆ ಹೇಳುತ್ತದೆ. ಗುಳಿಗೆ ಬರೆಯುವ ವೈದ್ಯರಿಗೆ ಮಾತ್ರ ಎಆರ್‌ಟಿ ಹೆಸರು ಮುಚ್ಚಿಡಬೇಡಿ, ಮೇಲೆ ಹೇಳಿದ ಕಾರಣಕ್ಕೆ. ಬಿಟ್ಟ ಮೇಲೆ ಮನಸ್ಸು ಕುಗ್ಗಿ ಎರಡು ವಾರವಾದರೂ ಏಳದಿದ್ದರೆ ನಿಮ್ಮೂರಲ್ಲೇ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಹೊರಡಲು ಆಗದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416.

ಪ್ರಶ್ನೆ: ಬೀಡಿ ಬಿಟ್ಟು ಹತ್ತು ದಿನ, ಕೆಮ್ಮು ಹೆಚ್ಚಾಗಿದೆ. ಎದೆ ಸ್ವಚ್ಛವಾಗುತ್ತಿದೆ ಎನ್ನುತ್ತಾರೆ, ನಿಜವೇ?
— ಗದಗ ಜಿಲ್ಲೆ

ಉತ್ತರ: ಬಿಟ್ಟ ಹೊಸದರಲ್ಲಿ ಕಫ ಕಿತ್ತು ಬಂದು ಕೆಲವು ವಾರ ಕೆಮ್ಮುವುದುಂಟು. ಆದರೆ ಎಚ್‌ಐವಿ ಇದ್ದವರು ಆ ಮಾತು ನಂಬಿ ಕಾಯಬಾರದು. ಕೆಮ್ಮು ಎಷ್ಟೇ ದಿನದ್ದಿರಲಿ, ಜೊತೆಗೆ ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇರಲಿ ಬಿಡಲಿ, ಎಆರ್‌ಟಿ ಕೇಂದ್ರದಲ್ಲಿ ಹೇಳಿ ಕಫ ಪರೀಕ್ಷೆ ಮಾಡಿಸಿ. ಮುಂದಿನ ತಾರೀಖಿನವರೆಗೆ ತಡೆಯದೆ ಈ ವಾರವೇ ಹೋಗಿ ಬನ್ನಿ.