ನೋವು ಇಳಿದಿದೆ, ಕೆನ್ನೆ ಊದುತ್ತಿದೆ: ಸೋಮವಾರದವರೆಗೆ ಕಾಯಬೇಡಿ

ಕೊಡಗಿನ ನಾಪೋಕ್ಲಿನಲ್ಲಿರುವ ನಿಮ್ಮ ತಂದೆಯವರಿಗೆ ದವಡೆ ಹಲ್ಲಿನ ನೋವು ಇಳಿದು, ಕೆನ್ನೆ ಊದಿ ಜ್ವರ ಬಂದಿದೆ, ಸೋಮವಾರದವರೆಗೆ ಕಾಯಬಹುದೇ ಎಂದು ಕೇಳಿದ್ದೀರಿ. ಬಹುಶಃ ಹಲ್ಲಿನ ಬೇರಿನಲ್ಲಿ ಕೀವು ಕಟ್ಟಿದೆ. ಎಕ್ಸ್‌ರೇ ಇಲ್ಲದೆ ಖಚಿತವಾಗಿ ಹೇಳಲಾಗದು. ಆದರೆ ನೋವು ಇಳಿದಿದೆ ಎಂದು ದಯವಿಟ್ಟು ಸಮಾಧಾನಪಡಬೇಡಿ. ಒಳಗಿನ ನರ ಸತ್ತಾಗಲೂ, ಕೀವು ಎಲುಬು ದಾಟಿ ಹೊರಬಂದಾಗಲೂ ನೋವು ತಗ್ಗುತ್ತದೆ, ಸೋಂಕು ಹರಡುತ್ತಲೇ ಇರುತ್ತದೆ. ನಮ್ಮ ಅಮ್ಮನಿಗೂ ಹೀಗೇ ಆಗಿತ್ತು.

ಮೊದಲು ಇದನ್ನು ನೋಡಿ. ಬಾಯಿ ಎರಡು ಬೆರಳಗಲ ತೆರೆಯುತ್ತದೆಯೇ? ಎಂಜಲು ನುಂಗಲು ಆಗುತ್ತದೆಯೇ? ಊತ ಗದ್ದದ ಕೆಳಗೆ, ಕುತ್ತಿಗೆಗೆ ಅಥವಾ ಕಣ್ಣಿನ ಕಡೆಗೆ ಹಬ್ಬಿದೆಯೇ? ನಾಲಿಗೆ ಮೇಲೆದ್ದಂತಿದೆಯೇ, ಧ್ವನಿ ಬದಲಾಗಿದೆಯೇ? ಒಂದೇ ಒಂದು ತೊಂದರೆ ಕಂಡರೂ ಕ್ಲಿನಿಕ್ ಹುಡುಕುತ್ತಾ ಕೂರಬೇಡಿ, ನೇರ ಮಡಿಕೇರಿ ಜಿಲ್ಲಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಉಸಿರಾಟಕ್ಕೆ ಕಷ್ಟವಾದರೆ 108ಕ್ಕೆ ಕರೆ ಮಾಡಿ, ಮಲಗಿಸದೆ ಕೂರಿಸಿಕೊಳ್ಳಿ.

ಇವು ಯಾವುವೂ ಇಲ್ಲದಿದ್ದರೂ ಇವತ್ತೇ ದಂತವೈದ್ಯರಿಗೆ ತೋರಿಸಿ. ವಿರಾಜಪೇಟೆಯಲ್ಲಿ ದಂತ ವೈದ್ಯಕೀಯ ಕಾಲೇಜಿದೆ, ಫೋನ್ ಮಾಡಿ ವೈದ್ಯರಿದ್ದಾರೆಯೇ ಎಂದು ಕೇಳಿ ಹೊರಡಿ. ಯಾರೂ ಸಿಗದಿದ್ದರೆ ಆಗಲೂ ಮಡಿಕೇರಿಗೇ ಹೋಗಿ.

ಅಲ್ಲಿಯವರೆಗೆ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಲಿ. ಹೊರಗಿನಿಂದ ತಣ್ಣನೆಯ ಬಟ್ಟೆ ಇಡಿ, ಬಿಸಿ ಶಾಖ ಬೇಡ. ಲವಂಗದ ಎಣ್ಣೆ ಮತ್ತೆ ಮತ್ತೆ ಹಚ್ಚಿದರೆ ಒಸಡು ಸುಡುತ್ತದೆ. ಮನೆಯಲ್ಲಿ ಉಳಿದಿರುವ ಆ್ಯಂಟಿಬಯಾಟಿಕ್ ಕೊಡಲೇಬೇಡಿ: ಕೀವು ಹೊರಗೆ ತೆಗೆಯದೆ, ಬೇರಿನ ಚಿಕಿತ್ಸೆಯನ್ನೋ ಹಲ್ಲು ಕೀಳುವುದನ್ನೋ ಮಾಡದೆ ಇದು ಹೋಗುವುದಿಲ್ಲ.

ಸಕ್ಕರೆ ಕಾಯಿಲೆಯಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಮೊದಲೇ ಹೇಳಿ, ಮಾತ್ರೆಗಳನ್ನೂ ಜೊತೆಗೆ ಒಯ್ಯಿರಿ.