ಕ್ಲಬ್ಬಿನ ಚರಿತ್ರೆಗೆ ಅಧ್ಯಕ್ಷರ ಫೋಟೋ ಸಾಕೇ?

ಮುಂಬಯಿ ಹತ್ತಿರದ ಡೊಂಬಿವಲಿಯ ಓದುಗರೊಬ್ಬರ ಪತ್ರ: "ನಮ್ಮ ಸೇವಾ ಕ್ಲಬ್ಬಿಗೆ ಐವತ್ತು ವರ್ಷ ತುಂಬುತ್ತಿದೆ. ಸದಸ್ಯರಲ್ಲಿ ಹೆಚ್ಚಿನವರು ನಮ್ಮ ಊರಿನ ಕಡೆಯವರೇ. ಸ್ಮರಣ ಸಂಚಿಕೆಗೆ ಕ್ಲಬ್ಬಿನ ಚರಿತ್ರೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಅಧ್ಯಕ್ಷರ ಫೋಟೋ, ಅವರವರ ವರ್ಷದ ಕಾರ್ಯಕ್ರಮಗಳ ಪಟ್ಟಿ ಹಾಕಿದರೆ ಸಾಕು ಎನ್ನುತ್ತಾರೆ ಸಮಿತಿಯವರು. ದುಡ್ಡು ಹೇಗೆ ಕೂಡಿತು ಅನ್ನೋದನ್ನೂ ಬರೀಬೇಕಾ?"

ಬರೆಯಲೇಬೇಕು. ಫೋಟೋ ಹಾಕಿ, ವರ್ಷವಿಡೀ ಓಡಾಡಿದವರಿಗೆ ಅಷ್ಟು ಗೌರವ ಸಲ್ಲಬೇಕು. ಆದರೆ ಅಧ್ಯಕ್ಷರ ಸಾಲು ಹಿಡಿದೇ ಚರಿತ್ರೆ ಬರೆದರೆ ಮುಖ್ಯವಾದದ್ದು ಬಿಟ್ಟುಹೋಗುತ್ತದೆ. ರೋಟರಿ, ಲಯನ್ಸ್ ಸೇವಾ ಕ್ಲಬ್ಬುಗಳಲ್ಲಿ ಪ್ರತಿ ಜುಲೈ 1ಕ್ಕೆ ಹೊಸ ಅಧ್ಯಕ್ಷರು. ಬಂದವರಿಗೆ ತಮ್ಮ ವರ್ಷದಲ್ಲಿ ಏನಾದರೂ ಹೊಸದು ಮಾಡುವ ಆಸೆ ಇರುತ್ತದೆ, ಸಹಜ. ಆಗ ಹಿಂದಿನವರು ಶಾಲೆಗೆ ಕೊಟ್ಟ ನೀರಿನ ಫಿಲ್ಟರ್ ರಿಪೇರಿಗೆ ಬಂದರೆ ನೋಡುವವರು ಯಾರು? ಉದ್ಘಾಟನೆಯ ಫೋಟೋ ಮಾತ್ರ ಆಲ್ಬಮ್ಮಿನಲ್ಲಿ ಉಳಿಯುತ್ತದೆ. ಹಾಗಾಗಿ ಒಂದೊಂದು ಕೆಲಸಕ್ಕೂ ಕೇಳಿ: ಎಷ್ಟು ವರ್ಷ ನಡೆಯಿತು, ಯಾರು ನೋಡಿಕೊಂಡರು, ನಿಂತಿದ್ದರೆ ಯಾಕೆ ನಿಂತಿತು. ನಿಂತುಹೋದದ್ದನ್ನೂ ಬರೆಯಿರಿ. ಮುಂದೆ ಬರುವವರಿಗೆ ಅದೇ ಜಾಸ್ತಿ ಉಪಯೋಗ.

ಪೋಲಿಯೊ ನಿರ್ಮೂಲನೆಯನ್ನೇ ನೋಡಿ. ರೋಟರಿ 1985ರಲ್ಲಿ ಆ ಕೆಲಸಕ್ಕೆ ಕೈಹಾಕಿತು. 12 ಕೋಟಿ ಡಾಲರ್ ಸೇರಿಸಬೇಕೆಂದು ಹೊರಟವರು 1988ರ ಹೊತ್ತಿಗೆ 24.7 ಕೋಟಿ ಸೇರಿಸಿದ್ದರು. ಭಾರತದ ಕೊನೆಯ ಪ್ರಕರಣ ಹೌರಾದಲ್ಲಿ ಸಿಕ್ಕಿದ್ದು 2011ರ ಜನವರಿಯಲ್ಲಿ, ನಮ್ಮ ದೇಶ ಪೋಲಿಯೊಮುಕ್ತ ಎಂದು ಘೋಷಣೆಯಾದದ್ದು 2014ರ ಮಾರ್ಚ್‌ನಲ್ಲಿ. ಸರಕಾರ, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ಮನೆಮನೆ ಸುತ್ತಿದ ಲಕ್ಷಾಂತರ ಜನ ಎಲ್ಲರೂ ಸೇರಿ ಮಾಡಿದ ಕೆಲಸ ಅದು. ಅಷ್ಟು ವರ್ಷ ಜುಲೈ ಬಂದಾಗಲೆಲ್ಲ ಅಧ್ಯಕ್ಷರು ಬದಲಾದರು, ಹಿಡಿದ ಕೆಲಸವನ್ನು ಯಾರೂ ಬಿಡಲಿಲ್ಲ.

ಇನ್ನು ದುಡ್ಡಿನ ಮಾತು. ಮುಂಬಯಿಯಲ್ಲಿ ರೋಟರಿ ಶುರುವಾದದ್ದು 1929ರಲ್ಲಿ. ದೇಶದ ಮೊದಲ ಲಯನ್ಸ್ ಕ್ಲಬ್ಬೂ ಇಲ್ಲೇ, 1956ರಲ್ಲಿ. ಅದಕ್ಕೆ ಮೊದಲೇ ಕರ್ನಾಟಕದಿಂದ ಬಂದ ನಮ್ಮವರಿಗೆ ವಂತಿಗೆ ಎತ್ತಿ ಕೆಲಸ ಮಾಡುವುದು ರೂಢಿಯಾಗಿತ್ತು. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರದ್ದು, ಬಂಟರ ಸಂಘ 1927ರದ್ದು. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರು ರಾತ್ರಿಶಾಲೆಯಲ್ಲಿ ಓದಿದ್ದು ಈ ಊರಿನಲ್ಲೇ ಅಲ್ವಾ? ಮಳೆಗಾಲದಲ್ಲಿ ಊರಿನ ಮೇಳಗಳ ತಿರುಗಾಟ ನಿಂತಾಗ ಕಲಾವಿದರು ಇಲ್ಲಿಗೆ ಬರುತ್ತಾರೆ. ಅಂಥ ಒಂದು ಸಹಾಯಾರ್ಥ ಯಕ್ಷಗಾನದ ಹಿಂದೆ ಎಷ್ಟು ಜನ! ಲೋಕಲ್ ಟ್ರೈನಿನಲ್ಲಿ ಅಲೆದು ಟಿಕೆಟ್ ಪುಸ್ತಕ ಖಾಲಿ ಮಾಡಿದವರು, ಸಂಚಿಕೆಗೆ ಅರ್ಧ ಪುಟ ಜಾಹೀರಾತು ಕೊಟ್ಟ ಹೋಟೆಲಿನವರು, ಕಲಾವಿದರಿಗೆ ಊಟ ಬಡಿಸಿದ ಹೆಂಗಸರು. ಇವರು ಯಾರೂ ಅಧ್ಯಕ್ಷರ ಪಟ್ಟಿಯಲ್ಲಿ ಸಿಗುವುದಿಲ್ಲ. ಬದುಕಿರುವವರನ್ನು ಈಗಲೇ ಕಂಡು ಮಾತಾಡಿಸಿ. ಹೆಸರು ಹಾಕುವ ಮೊದಲು ಅವರನ್ನು ಒಂದು ಮಾತು ಕೇಳಿ.

ಲೆಕ್ಕವನ್ನೂ ಮುಚ್ಚುಮರೆ ಇಲ್ಲದೆ ಹಾಕಿ. ಲಯನ್ಸ್‌ನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ: ಸಾರ್ವಜನಿಕರಿಂದ ಎತ್ತಿದ ಹಣ ಸಾರ್ವಜನಿಕರ ಕೆಲಸಕ್ಕೇ ಹೋಗಬೇಕು. ಕ್ಲಬ್ಬಿನ ಊಟ, ಮೀಟಿಂಗ್ ಖರ್ಚು ಸದಸ್ಯರ ವಂತಿಗೆಯಿಂದಲೇ. ನಿಮ್ಮ ಕ್ಲಬ್ಬೂ ಹಾಗೇ ನಡೆದುಕೊಂಡಿದ್ದರೆ ಅದನ್ನು ದೊಡ್ಡ ಅಕ್ಷರದಲ್ಲಿ ಹೇಳಿಕೊಳ್ಳಿ. ಟಿಕೆಟ್ ಕೊಂಡವರಿಗೆ ಅದನ್ನು ತಿಳಿಯುವ ಹಕ್ಕಿದೆ.

ಹಳೆಯ ಕಡತ ಸಿಗುತ್ತಿಲ್ಲ ಎಂದು ಪತ್ರದ ಕೊನೆಗೆ ಬರೆದಿದ್ದೀರಿ. ಕ್ಲಬ್ಬಿಗೆ ನೋಂದಾಯಿತ ಟ್ರಸ್ಟ್ ಇದ್ದರೆ, ಮಹಾರಾಷ್ಟ್ರದ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ ಪ್ರಕಾರ ಪ್ರತಿವರ್ಷದ ಆಡಿಟ್ ಆದ ಲೆಕ್ಕ, ಟ್ರಸ್ಟ್‌ಗಳ ಮೇಲೆ ನಿಗಾ ಇಡುವ ಚಾರಿಟಿ ಕಮಿಷನರ್ ಕಚೇರಿಗೆ ಹೋಗಿರಬೇಕು. ಅಲ್ಲಿ ನಕಲಿಗೆ ಅರ್ಜಿ ಹಾಕಿ. ಸಂಚಿಕೆ ಪ್ರೆಸ್ಸಿಗೆ ಹೋಗುವ ತನಕ ಕಾಯಬೇಡಿ, ಇಂಥ ಕೆಲಸಕ್ಕೆ ಸಮಯ ಹಿಡಿಯುತ್ತದೆ.

– ಸಂಪಾದಕ