‘ಕುರ್ಚಿಯಲ್ಲಿ ಕೂತ ಕಳ್ಳರು’: ಲೇಖಕರಿಗೆ ಸಂಪಾದಕರ ಉತ್ತರ

ಮಾನ್ಯರೇ,

ತಾವು ಕಳುಹಿಸಿದ ‘ಕುರ್ಚಿಯಲ್ಲಿ ಕೂತ ಕಳ್ಳರು’ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ವಿಷಯ ಗಟ್ಟಿಯಾದದ್ದು, ಮತ್ತೆ ಬರೆಯುವ ಶ್ರಮಕ್ಕೆ ತಕ್ಕದ್ದು ಎನ್ನಿಸಿದ್ದರಿಂದ ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿಯೇ ತಿಳಿಸುತ್ತಿದ್ದೇನೆ.

ತಮ್ಮ ವಾದದ ಸಾರ ಇಷ್ಟು: ಒಂದು ಸರ್ಕಾರಿ ನೇಮಕಾತಿಯ ಆಯ್ಕೆ ಸಮಿತಿಯಲ್ಲಿ ಅಭ್ಯರ್ಥಿಯೊಬ್ಬರ ಸೋದರಮಾವ ಸದಸ್ಯರಾಗಿದ್ದರು, ಆ ಅಭ್ಯರ್ಥಿ ಆಯ್ಕೆಯಾದರು, ಆದ್ದರಿಂದ ಆ ಸದಸ್ಯರು ಭ್ರಷ್ಟರು. ಮೊದಲ ಎರಡು ಮಾತುಗಳಿಗೆ ತಮ್ಮ ಬಳಿ ದಾಖಲೆಯಿದೆ, ಮೂರನೆಯದಕ್ಕೆ ಇಲ್ಲ. ಆದರೂ ಲೇಖನದ ಬಹುಭಾಗ ಆ ಮೂರನೆಯ ಮಾತನ್ನು ಸಾಧಿಸುವುದರಲ್ಲೇ ಖರ್ಚಾಗಿದೆ. ಲಂಚ, ಸಂಚು, ಒಳಒಪ್ಪಂದ ಎಂಬ ಪದಗಳು ಒಂದರ ಮೇಲೊಂದು ಬರುತ್ತವೆಯೇ ಹೊರತು ಯಾರು, ಯಾವಾಗ, ಏನು ಮಾಡಿದರು ಎಂಬುದು ಎಲ್ಲಿಯೂ ಬರುವುದಿಲ್ಲ. ಸುಲಭವಾಗಿ ಗೆಲ್ಲಬಹುದಾಗಿದ್ದ ವಾದವನ್ನು ಬಿಟ್ಟು, ಗೆಲ್ಲಲಾಗದ ವಾದವನ್ನು ತಾವು ಕೈಗೆತ್ತಿಕೊಂಡಿದ್ದೀರಿ.

ಹಿತಾಸಕ್ತಿ ಸಂಘರ್ಷ ಎಂಬುದು ಒಂದು ಸನ್ನಿವೇಶ. ಅಧಿಕಾರಿಯ ಸಾರ್ವಜನಿಕ ಕರ್ತವ್ಯವೂ ಆತನ ಸ್ವಂತ ಸಂಬಂಧವೂ ಒಂದೇ ತೀರ್ಮಾನದಲ್ಲಿ ಎದುರಾದ ಕ್ಷಣವೇ ಅದು ಹುಟ್ಟುತ್ತದೆ. ಆತ ಸತ್ಯಸಂಧನೇ ಅಲ್ಲವೇ ಎಂಬುದರಿಂದ ಅದರ ಇರವಿಗೆ ಯಾವ ವ್ಯತ್ಯಾಸವೂ ಆಗುವುದಿಲ್ಲ. ಇನ್ನೊಬ್ಬರ ಮನಸ್ಸಿನೊಳಗೆ ಇಳಿದು ನೋಡುವ ಸಾಧನ ಯಾವ ನ್ಯಾಯಾಲಯಕ್ಕೂ ಇಲ್ಲ ಎಂಬ ತಿಳಿವಳಿಕೆಯಿಂದಲೇ, ಅಂಥವರು ಆ ತೀರ್ಮಾನದಲ್ಲಿ ಕೂರಬಾರದೆಂಬ ನಿಯಮ ಬೆಳೆದುಬಂದಿದೆ. ತಾವಾದರೋ ಅದನ್ನು ಮತ್ತೆ ಆ ಮನಸ್ಸಿನ ಬಾಗಿಲಿಗೇ ಕೊಂಡೊಯ್ದು ನಿಲ್ಲಿಸಿದ್ದೀರಿ.

ಇಂಗ್ಲೆಂಡಿನಲ್ಲಿ 1852ರಲ್ಲಿ ತೀರ್ಮಾನವಾದ ಡೈಮ್ಸ್ ಮತ್ತು ಗ್ರ್ಯಾಂಡ್ ಜಂಕ್ಷನ್ ಕಾಲುವೆ ಕಂಪನಿಯ ಪ್ರಕರಣವನ್ನು ತಾವು ಓದಲೇಬೇಕು. ಕಂಪನಿಯ ಪರವಾಗಿ ಕೆಳಗಿನ ನ್ಯಾಯಾಧೀಶರು ಕೊಟ್ಟಿದ್ದ ಆದೇಶವನ್ನು ಅಲ್ಲಿನ ಹಿರಿಯ ನ್ಯಾಯಾಧಿಕಾರಿ, ಲಾರ್ಡ್ ಚಾನ್ಸಲರ್ ಕಾಟನ್‌ಹ್ಯಾಮ್ ಎತ್ತಿಹಿಡಿದಿದ್ದರು. ಅದೇ ಕಂಪನಿಯಲ್ಲಿ ಅವರಿಗೆ ಷೇರುಗಳಿದ್ದವು. ಆ ಷೇರುಗಳಿಂದ ಅವರ ತೀರ್ಪು ಕಿಂಚಿತ್ತಾದರೂ ಪ್ರಭಾವಿತವಾಗಿರಬಹುದೆಂದು ಯಾರೂ ಭಾವಿಸಲಾರರು ಎಂದು ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಸ್ಪಷ್ಟವಾಗಿ ಹೇಳಿತು, ಹೇಳಿದ ಮೇಲೂ ಅವರ ಆದೇಶವನ್ನು ರದ್ದುಪಡಿಸಿತು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ವ್ಯಾಜ್ಯದ ಹುರುಳನ್ನು ಪ್ರತ್ಯೇಕವಾಗಿ ಪರಿಶೀಲಿಸಿ, ಕೆಳಗಿನ ನ್ಯಾಯಾಧೀಶರ ಆದೇಶ ಸರಿಯೆಂದೇ ಅದು ಒಪ್ಪಿತು. ಕಂಪನಿ ಮೊದಲೂ ಗೆದ್ದಿತ್ತು, ಕೊನೆಗೂ ಗೆದ್ದಿತು. ನಡುವೆ ಬಿದ್ದುಹೋದದ್ದು ಷೇರುದಾರ ನ್ಯಾಯಾಧೀಶರ ತೀರ್ಪು ಮಾತ್ರ. ತೀರ್ಪು ಸರಿಯೇ ಇದ್ದರೂ ಅದನ್ನು ಕೊಟ್ಟವರು ಆ ಸ್ಥಾನದಲ್ಲಿ ಕೂರಬಾರದಿತ್ತು ಎಂಬ ಈ ಸೂಕ್ಷ್ಮ ತಮ್ಮ ಲೇಖನದಲ್ಲಿ ಒಂದು ಸಾಲಿನಷ್ಟೂ ಕಾಣುವುದಿಲ್ಲ.

ತಮ್ಮ ಉದಾಹರಣೆಗೆ ತೀರಾ ಹತ್ತಿರವಾದ ತೀರ್ಪು ನಮ್ಮ ಸುಪ್ರೀಂ ಕೋರ್ಟಿನದೇ ಇದೆ. ‘ಸೋದರಳಿಯನ ಸರದಿ ಬಂದಾಗ ನಾನು ಕೊಠಡಿಯಿಂದ ಹೊರಗೆ ಹೋಗಿದ್ದೆ’ ಎಂಬ ಆ ಸದಸ್ಯರ ಸಮಜಾಯಿಷಿಯನ್ನು ಉಲ್ಲೇಖಿಸಿ, ಅದರ ಪಕ್ಕದಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿ ತಾವು ಮುಂದೆ ಹೋಗಿದ್ದೀರಿ. ಓದುಗರಲ್ಲಿ ಅರ್ಧದಷ್ಟು ಜನರಿಗೆ ಆ ಸಮಜಾಯಿಷಿ ನ್ಯಾಯವಾದದ್ದೆಂದೇ ತೋರುತ್ತದೆ. ಅದಕ್ಕೆ ಉತ್ತರ ಬೇಕು. ಉತ್ತರ 1969ರ ಎ. ಕೆ. ಕ್ರೈಪಕ್ ಪ್ರಕರಣದಲ್ಲಿದೆ. ಜಮ್ಮು ಮತ್ತು ಕಾಶ್ಮೀರದಲ್ಲಿ ಭಾರತೀಯ ಅರಣ್ಯ ಸೇವೆಗೆ ನಡೆದ ಆಯ್ಕೆಯಲ್ಲಿ, ಪ್ರಭಾರ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿಯೇ ಆಯ್ಕೆ ಮಂಡಳಿಯ ಸದಸ್ಯರೂ ಆಗಿದ್ದರು, ಅಭ್ಯರ್ಥಿಯೂ ಆಗಿದ್ದರು. ತಮ್ಮ ಹೆಸರು ಚರ್ಚೆಗೆ ಬಂದಾಗ ಅವರು ಕೂರಲಿಲ್ಲ. ಆದರೆ ಪ್ರತಿಸ್ಪರ್ಧಿಗಳ ಹೆಸರುಗಳು ಬಂದಾಗ ಕೂತಿದ್ದರು, ಅರ್ಹತಾ ಕ್ರಮದ ಪಟ್ಟಿ ತಯಾರಿಸುವಾಗಲೂ ಪಾಲ್ಗೊಂಡಿದ್ದರು. ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆ ಅವರು ಬರೆದ ತೀರ್ಪು ಇಡೀ ಆಯ್ಕೆಯನ್ನೇ ರದ್ದುಪಡಿಸಿತು. ಪಕ್ಷಪಾತ ನಿಜವಾಗಿ ನಡೆಯಿತೇ ಎಂದು ಸಾಬೀತುಪಡಿಸುವುದು ಕಷ್ಟ, ಅದು ನಡೆಯುವ ಸಹಜ ಸಂಭವವಿತ್ತೇ ಎಂದು ನೋಡಿದರೆ ಸಾಕು ಎಂಬುದು ಅದರ ನಿಲುವು. ಅಂತಿಮ ಶಿಫಾರಸು ಮಾಡಿದ್ದು ಕೇಂದ್ರ ಲೋಕಸೇವಾ ಆಯೋಗವೆಂಬ ವಾದವೂ ಆ ದೋಷವನ್ನು ತೊಳೆಯಲಿಲ್ಲ. ಆಯ್ಕೆಯೆಂಬುದು ತುಲನೆ, ಒಬ್ಬರಿಗೆ ಅಂಕ ಹೆಚ್ಚಿಸದೆಯೂ ಉಳಿದವರಿಗೆ ಕಡಿಮೆ ಕೊಟ್ಟು ಅವರನ್ನು ಮೇಲಕ್ಕೆ ತರಬಹುದು. ಸೋದರಳಿಯನ ಸಂದರ್ಶನದ ವೇಳೆ ಮಾತ್ರ ಹೊರಗಿದ್ದವರು ಉಳಿದೆಲ್ಲರ ಸಂದರ್ಶನದಲ್ಲಿ ಏಕೆ ಒಳಗಿದ್ದರು ಎಂಬುದೇ ತಾವು ಕೇಳಬೇಕಾದ ಪ್ರಶ್ನೆ. ಅದನ್ನು ಕೇಳಲು ಯಾರನ್ನೂ ಕಳ್ಳನೆಂದು ಕರೆಯಬೇಕಾಗಿಲ್ಲ.

ನ್ಯಾಯ ನಡೆದರೆ ಸಾಲದು, ನಡೆದದ್ದು ಕಾಣಲೂ ಬೇಕು ಎಂಬ ಮಾತಿನಿಂದ ಲೇಖನ ಆರಂಭಿಸಿದ್ದೀರಿ. ಈ ವಿಷಯದ ಮೇಲೆ ನಮಗೆ ಬರುವ ಬರಹಗಳು ಬಹುಪಾಲು ಹಾಗೆಯೇ ಆರಂಭವಾಗುತ್ತವೆ. ಆ ಮಾತು ಹುಟ್ಟಿದ 1923ರ ಸಸೆಕ್ಸ್ ಪ್ರಕರಣವನ್ನೇ ಹೇಳಿದ್ದರೆ ಹೆಚ್ಚು ಪ್ರಯೋಜನವಾಗುತ್ತಿತ್ತು: ಮೋಟಾರ್‌ಸೈಕಲ್ ಅಪಘಾತದ ವಿಚಾರಣೆ, ಅದೇ ಅಪಘಾತದಲ್ಲಿ ಪರಿಹಾರ ಕೇಳುತ್ತಿದ್ದವರ ವಕೀಲ ಸಂಸ್ಥೆಯಲ್ಲಿ ಪಾಲುದಾರನಾಗಿದ್ದ ನ್ಯಾಯಾಲಯದ ಗುಮಾಸ್ತ, ಮ್ಯಾಜಿಸ್ಟ್ರೇಟರ ಜೊತೆ ಒಳಕೋಣೆಗೆ ಹೋಗಿಯೂ ಪ್ರಕರಣದ ಬಗ್ಗೆ ಒಂದು ಮಾತನ್ನೂ ಆಡದ ಆತ, ಆದರೂ ರದ್ದಾದ ಶಿಕ್ಷೆ. ಉಲ್ಲೇಖಕ್ಕಿಂತ ಘಟನೆಗೆ ತೂಕ ಹೆಚ್ಚು.

‘ಹಣ ಕೈಬದಲಾಗದೆ ಇಂಥದ್ದು ನಡೆಯುವುದಿಲ್ಲ’ ಎಂಬ ವಾಕ್ಯವನ್ನು ತೆಗೆದುಹಾಕಿ. ಚಿಲಿಯ ಮಾಜಿ ಸರ್ವಾಧಿಕಾರಿ ಪಿನೋಶೆಯ ಪ್ರಕರಣದಲ್ಲಿ 1998ರ ನವೆಂಬರಿನಲ್ಲಿ ಬಂದ ತೀರ್ಪನ್ನು ಹೌಸ್ ಆಫ್ ಲಾರ್ಡ್ಸ್ ಮುಂದಿನ ತಿಂಗಳೇ ಹಿಂಪಡೆಯಬೇಕಾಯಿತು. ತೀರ್ಪು ಕೊಟ್ಟ ನ್ಯಾಯಾಧೀಶರಲ್ಲೊಬ್ಬರಾದ ಲಾರ್ಡ್ ಹಾಫ್‌ಮನ್ ಅವರು, ಆ ಪ್ರಕರಣದಲ್ಲಿ ವಾದ ಮಂಡಿಸಿದ್ದ ಮಾನವ ಹಕ್ಕು ಸಂಘಟನೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್‌ಗೆ ಸೇರಿದ ದತ್ತಿ ಸಂಸ್ಥೆಯೊಂದರ ನಿರ್ದೇಶಕರಾಗಿದ್ದದ್ದು ಅದಕ್ಕೆ ಕಾರಣ. ಅಲ್ಲಿ ಹಣದ ಪ್ರಶ್ನೆಯೇ ಇರಲಿಲ್ಲ.

ಇನ್ನೊಂದು ಬದಿಯನ್ನೂ ತಾವು ನೋಡಿಲ್ಲ. ಸಂಬಂಧವಿದ್ದವರೆಲ್ಲ ಸದಾ ಹಿಂದೆ ಸರಿಯಬೇಕೆಂದು ಕೊನೆಯಲ್ಲಿ ಒತ್ತಾಯಿಸಿದ್ದೀರಿ. ತೀರ್ಮಾನಿಸಬಲ್ಲ ಎಲ್ಲರಿಗೂ ಅದೇ ಹಿತಾಸಕ್ತಿ ಇದ್ದರೆ ಏನು ಮಾಡಬೇಕು? ಅಮೆರಿಕದ ಸುಪ್ರೀಂ ಕೋರ್ಟು 1980ರಲ್ಲಿ ನ್ಯಾಯಾಧೀಶರ ವೇತನದ ವ್ಯಾಜ್ಯವನ್ನು ತಾನೇ ತೀರ್ಮಾನಿಸಿತು, ಏಕೆಂದರೆ ಅದನ್ನು ಕೇಳಬಲ್ಲ ಬೇರೆ ನ್ಯಾಯಾಧೀಶರೇ ಇರಲಿಲ್ಲ. ತಮಗೆ ಒಲ್ಲದ ನ್ಯಾಯಾಧೀಶರನ್ನು ತಪ್ಪಿಸಲೆಂದೇ ಕಕ್ಷಿದಾರರು ಆಕ್ಷೇಪ ಎತ್ತುವ ಚಾಳಿಯೂ ಉಂಟು. ಎಲ್ಲ ಸಂಬಂಧಕ್ಕೂ ಒಂದೇ ಮದ್ದಿಲ್ಲ: ಕೆಲವು ಕಡೆ ಮುಂಚಿತವಾಗಿ ಘೋಷಿಸಿದರೆ ಸಾಕು, ಕೆಲವು ಕಡೆ ಹಿಂದೆ ಸರಿಯಬೇಕು, ಕೆಲವು ಕಡೆ ಷೇರುಗಳನ್ನೋ ಹುದ್ದೆಯನ್ನೋ ಬಿಡಬೇಕು.

ಈಗ ತುಸು ಕಹಿಯಾದ ವಿಷಯ. ಅದೇ ನೇಮಕಾತಿಯಲ್ಲಿ ತಾವೂ ಸಂದರ್ಶನಕ್ಕೆ ಹಾಜರಾಗಿ ಆಯ್ಕೆಯಾಗಲಿಲ್ಲವೆಂದು ಲೇಖನದ ಜೊತೆಗಿಟ್ಟ ಪತ್ರದಲ್ಲಿ ತಿಳಿಸಿದ್ದೀರಿ. ಲೇಖನದಲ್ಲಿ ಆ ಸುದ್ದಿಯಿಲ್ಲ. ಅದು ತಮ್ಮ ಬರಹವನ್ನು ತಿರಸ್ಕರಿಸಲು ಕಾರಣವಲ್ಲ, ಏಕೆಂದರೆ ಅನ್ಯಾಯ ಕಂಡವರೇ ಅದರ ಬಗ್ಗೆ ಚೆನ್ನಾಗಿ ಬರೆಯಬಲ್ಲರು. ಆದರೆ ಎರಡನೆಯ ಪ್ಯಾರಾದೊಳಗೆ, ಅಲಂಕಾರವಿಲ್ಲದ ಒಂದು ವಾಕ್ಯದಲ್ಲಿ, ಓದುಗರಿಗೆ ಅದು ತಿಳಿಯಲೇಬೇಕು. ಪ್ರಕಟವಾದ ಮೇಲೆ ಬೇರೆಯವರು ಅದನ್ನು ಹೊರಗೆಡವಿದರೆ ತಮ್ಮ ದಾಖಲೆಗಳನ್ನೂ ಯಾರೂ ನಂಬುವುದಿಲ್ಲ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಎಂದು ಹೇಳಲಾಗುತ್ತಿದೆ’ ಎಂದಿರುವಲ್ಲೆಲ್ಲ ಹೇಳಿದವರು ಯಾರೆಂದು ಬರೆಯಿರಿ. ಬರೆಯಲಾಗದಿದ್ದರೆ ಆ ವಾಕ್ಯವನ್ನು ಹೊಡೆದುಹಾಕಿ. ಶೀರ್ಷಿಕೆಯನ್ನೂ ಬದಲಿಸಿ.

ಮರಳಿ ಬರೆಯುವ ಮುನ್ನ ಮಾಹಿತಿ ಹಕ್ಕಿನಡಿ ಆಯ್ಕೆ ಸಮಿತಿಯ ನಡಾವಳಿಯ ಪ್ರತಿಗೆ ಅರ್ಜಿ ಹಾಕಿ. ಆ ಸದಸ್ಯರು ತಮ್ಮ ಸಂಬಂಧವನ್ನು ಘೋಷಿಸಿದ್ದು ಅದರಲ್ಲಿ ದಾಖಲಾಗಿದೆಯೇ ಎಂಬುದನ್ನು ಮೊದಲು ನೋಡಿ. ದಾಖಲಾಗಿರದಿದ್ದರೆ ತಮ್ಮ ಲೇಖನದ ಗುರಿ ಅವರೇ. ಅವರು ಘೋಷಿಸಿಯೂ ಸಮಿತಿಯವರೇ ಅವರನ್ನು ಕೂರಿಸಿಕೊಂಡಿದ್ದರೆ, ಉತ್ತರ ಕೊಡಬೇಕಾದವರು ಸಮಿತಿಯ ಅಧ್ಯಕ್ಷರು. ಅವರ ಪ್ರತಿಕ್ರಿಯೆಯನ್ನೂ ಪಡೆದು ಲೇಖನದ ಜೊತೆ ಕಳುಹಿಸಿ.

ಇಂತಿ,
ಸಂಪಾದಕ